ಬಾಡಿಗೆಗೆ ಬಂದವನು ಒಬ್ಬ, ಹಿಂದೆ ಬಂದವರು ನಾಲ್ವರು

ಮನೆ ಬಾಡಿಗೆಗೆ ಕೊಟ್ಟವರಿಗೂ ಗೊತ್ತು, ಬಾಡಿಗೆಗೆ ಇದ್ದವರಿಗೂ ಗೊತ್ತು: ಕರಾರುಪತ್ರದಲ್ಲಿ ಬರೆಯುವುದು ಬಾಡಿಗೆ, ಅಡ್ವಾನ್ಸು, ನೀರು, ಕರೆಂಟು. ಬರೆಯದೆ ಬಿಟ್ಟದ್ದೇ ಆಮೇಲೆ ತಲೆನೋವಾಗುವುದು. ಮೆಟ್ಟಿಲ ಮೇಲೆ ಓನರಮ್ಮನ ಚಪ್ಪಲಿ ಸದ್ದು ಕೇಳಿದ ಕೂಡಲೇ ಟಿವಿ ದನಿ ತಗ್ಗಿಸಿದ ಯಾರಿಗೇ ಆಗಲಿ, 1955ರ ಈ ಇಂಗ್ಲಿಷ್ ಸಿನಿಮಾ ದೂರದ್ದು ಅನ್ನಿಸಲಿಕ್ಕಿಲ್ಲ.

ಸಿನಿಮಾದ ಹೆಸರು ‘ದಿ ಲೇಡಿಕಿಲ್ಲರ್ಸ್’. ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಆಸುಪಾಸಿನ ಓಣಿಯೊಂದರ ತುದಿಯಲ್ಲಿ ಒಂದು ಹಳೇ ಮನೆ. ಒಳಗೆ ಮಿಸೆಸ್ ಲೂಯಿಸಾ ವಿಲ್ಬರ್‌ಫೋರ್ಸ್ ಎಂಬ ವಿಧವೆ ಅಜ್ಜಿ ಮತ್ತು ಆಕೆಯ ಗಿಣಿಗಳು. ಮಹಡಿಯ ಕೋಣೆಗಳು ಖಾಲಿ ಇವೆ, ಬಾಡಿಗೆಗೆ ಯಾರಾದರೂ ಬಂದರೆ ಸಾಕು ಅಂತ ಕಾಯುತ್ತಿದ್ದಾಳೆ. ಪ್ರೊಫೆಸರ್ ಮಾರ್ಕಸ್ ಅನ್ನುವವನು ಬರುತ್ತಾನೆ. ಸಂಗೀತ ಅಭ್ಯಾಸಕ್ಕೆ ನಾಲ್ವರು ಗೆಳೆಯರು ಬಂದುಹೋಗುತ್ತಾರೆ, ಅಭ್ಯಂತರವಿಲ್ಲ ತಾನೆ ಅಂತ ಕೇಳುತ್ತಾನೆ. ಅಜ್ಜಿಗೆ ಅಭ್ಯಂತರವೇ? ಖುಷಿಯೋ ಖುಷಿ. ಐವರೂ ದರೋಡೆಕೋರರು. ಹಣ ಸಾಗಿಸುವ ವ್ಯಾನಿನಿಂದ 60,000 ಪೌಂಡು ದೋಚುತ್ತಾರೆ. ಆ ಹಣವನ್ನು ನಿಲ್ದಾಣದಿಂದ ಮನೆಗೆ ತರುವ ಕೆಲಸವನ್ನು ಅಜ್ಜಿಗೇ ತಿಳಿಯದಂತೆ ಅಜ್ಜಿಯ ಕೈಲೇ ಮಾಡಿಸುತ್ತಾರೆ. ಗುಟ್ಟು ರಟ್ಟಾಗುತ್ತದೆ. ಅಜ್ಜಿಯನ್ನು ಮುಗಿಸಬೇಕು ಎಂದು ತೀರ್ಮಾನಿಸಿ, ಮುಗಿಸಲಾಗದೆ, ತಮ್ಮತಮ್ಮಲ್ಲೇ ಮುಗಿದುಹೋಗುತ್ತಾರೆ. ಕಥೆ ಪೂರ್ತಿ ಹೇಳಿಬಿಟ್ಟೆ. ಎಪ್ಪತ್ತು ವರ್ಷ ಹಳೆಯ ಸಿನಿಮಾದ ಗುಟ್ಟು ಕಾಯುವ ಹೊಣೆ ನನ್ನದಲ್ಲ, ಮತ್ತು ಕೊನೆ ಗೊತ್ತಿದ್ದರೂ ಇದರ ರುಚಿ ಕೆಡುವುದಿಲ್ಲ.

ಇದನ್ನು ದರೋಡೆ ಸಿನಿಮಾಗಳ ಸಾಲಿಗೆ ಸೇರಿಸುವುದು ವಾಡಿಕೆ. ನನಗೇನೋ ಇದು ಅಪ್ಪಟ ಬಾಡಿಗೆಮನೆ ಸಿನಿಮಾ. ದರೋಡೆಗೆ ಸಿಗುವುದು ಕೆಲವೇ ನಿಮಿಷ. ಮಿಕ್ಕದ್ದೆಲ್ಲ ಮೆಟ್ಟಿಲು, ಬಾಗಿಲು, ಟೀ. ನಾನು ಹಿಡಿದು ನೋಡಬೇಕೆಂದಿರುವ ಎಳೆ ಒಂದೇ: ಆ ಮನೆಯಲ್ಲಿ ಯಾರಿಗೆ ಯಾರು ಬೇಡವಾದವರು? ಮೊದಲ ಹತ್ತು ನಿಮಿಷ ನೋಡಿದರೆ ಉತ್ತರ ಸಲೀಸು, ಬೇಡವಾದವನು ಬಾಡಿಗೆಯವನು. ಇನ್ನರ್ಧ ಗಂಟೆ ಕಳೆಯುವಷ್ಟರಲ್ಲಿ ತನ್ನದೇ ಮನೆಯಲ್ಲಿ ಬೇಡವಾದವಳು ಅಜ್ಜಿ. ಕೊನೆಗೆ ಬಂದರೆ, ಹೊರಟು ಹೋಗಲು ತುದಿಗಾಲಲ್ಲಿ ನಿಂತವರನ್ನು ಮನೆಯೇ ಬಿಡುತ್ತಿಲ್ಲ.

ವಾಲಿದ ಮನೆ

ಅಂಥದೊಂದು ಮನೆ ಲಂಡನ್ನಿನಲ್ಲಿ ಇರಲೇ ಇಲ್ಲ. ಫ್ರೆಡರಿಕಾ ಸ್ಟ್ರೀಟ್ ಎಂಬ ಬೀದಿಯ ಪಶ್ಚಿಮದ ತುದಿಯಲ್ಲಿ, ಕಿಂಗ್ಸ್ ಕ್ರಾಸ್‌ನಿಂದ ಉತ್ತರಕ್ಕೆ ಹೊರಡುವ ರೈಲುಗಳು ನುಗ್ಗುವ ಕೋಪನ್‌ಹೇಗನ್ ಸುರಂಗದ ಬಾಯಿಯ ನೆತ್ತಿಯ ಮೇಲೆ, ಚಿತ್ರೀಕರಣಕ್ಕೆಂದೇ ಕಟ್ಟಿದ ಸೆಟ್ ಅದು. ಮುಂಬಾಗಿಲಿನಿಂದ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಾಗ ಕಾಣುವ ಸೇಂಟ್ ಪ್ಯಾಂಕ್ರಸ್ ನಿಲ್ದಾಣದ ಗೋಪುರ ಬೇರೆಯೇ ಜಾಗದ್ದು, ಆರ್ಗೈಲ್ ಸ್ಟ್ರೀಟ್‌ನಿಂದ ತೆಗೆದದ್ದು. ಹಿಂಬಾಗಿಲಲ್ಲಿ ಒಂದು ಲಂಡನ್, ಮುಂಬಾಗಿಲಲ್ಲಿ ಇನ್ನೊಂದು. ಎರಡರ ನಡುವೆ ಅಜ್ಜಿಯ ನಡುಮನೆ.

ಮನೆ ನೇರವಾಗಿ ನಿಂತಿಲ್ಲ. ಯುದ್ಧಕಾಲದ ಬಾಂಬು ದಾಳಿಯಿಂದ ಅಡಿಪಾಯ ಕುಸಿದು ಒಂದು ಕಡೆ ವಾಲಿದೆ. ಗೋಡೆಗೆ ತೂಗುಹಾಕಿದ ಪಟಗಳು ನೆಟ್ಟಗೆ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ನೀರು ಬರಬೇಕಾದರೆ ಪೈಪಿಗೆ ಮರದ ಸುತ್ತಿಗೆಯಿಂದ ಬಡಿಯಬೇಕು. ಅಜ್ಜಿ ಇದನ್ನೆಲ್ಲ ಹೇಳುವ ಧಾಟಿಯಲ್ಲಿ ದೂರಿಲ್ಲ, ಗೋಳಿಲ್ಲ. ಮೊಣಕಾಲು ನೋವಿನ ಬಗ್ಗೆ ವಯಸ್ಸಾದವರು ಹೇಳಿದ ಹಾಗೆ ಹೇಳುತ್ತಾಳೆ, ಇದ್ದದ್ದೇ ಅಂತ.

1955ರ ಪ್ರೇಕ್ಷಕರಿಗೆ ಆ ಮನೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಂಬಿಗೆ ಬ್ರಿಟನ್ನಿನಲ್ಲಿ ಲಕ್ಷಗಟ್ಟಲೆ ಮನೆಗಳು ಹಾಳಾಗಿದ್ದವು. ಸೈನಿಕರು ಊರಿಗೆ ಮರಳಿದಾಗ ಇರಲು ಸೂರಿಲ್ಲ. 1946ರಲ್ಲಿ ಜನ ಖಾಲಿ ಬಿದ್ದಿದ್ದ ಸೇನಾ ಶಿಬಿರಗಳಿಗೆ ನುಗ್ಗಿ ಸಂಸಾರ ಹೂಡಿದ್ದರು. ವರ್ಷಕ್ಕೆ 3 ಲಕ್ಷ ಮನೆ ಕಟ್ಟಿಸುತ್ತೇವೆ ಅನ್ನುವುದು 1951ರ ಚುನಾವಣೆಯಲ್ಲಿ ಗೆದ್ದ ಪಕ್ಷದ ದೊಡ್ಡ ಭರವಸೆಗಳಲ್ಲೊಂದು. ಇಂಥ ಕಾಲದಲ್ಲಿ ಗಂಡನಿಲ್ಲದ ಹೆಂಗಸಿಗೆ ಮಹಡಿಯ ಕೋಣೆ ಎಂದರೆ ಪಿಂಚಣಿಗೆ ಸೇರಿಸಿಕೊಳ್ಳುವ ನಾಲ್ಕು ಕಾಸು. ಬಾಡಿಗೆಯವನು ಎಂದರೆ ಆ ಕಾಸಿನ ಜೊತೆ ಮನೆಯೊಳಗೆ ಬರುವ ಅಪರಿಚಿತ. ಬೇಕು, ಆದರೆ ಭಯ. ಆ ಕಾಲದ ಬ್ರಿಟಿಷ್ ಹಾಸ್ಯಚಿತ್ರಗಳಲ್ಲಿ ಲಾಡ್ಜರ್ ಅನ್ನುವ ಪಾತ್ರ ಮತ್ತೆಮತ್ತೆ ಬಾಗಿಲು ತಟ್ಟುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಬಾಗಿಲು ತಟ್ಟಿದವನು

ಪ್ರೊಫೆಸರ್ ಬರುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ಕಾಣುವುದು ನೆರಳು. ಬೀದಿಯಲ್ಲಿ ಅಜ್ಜಿಯ ಹಿಂದೆ, ಆಮೇಲೆ ಕಿಟಕಿಯ ಗಾಜಿನ ಮೇಲೆ. ಗಿಣಿಗಳು ಕಿರುಚುತ್ತವೆ. ಸಂಗೀತವೂ ಹೆದರಿಸುವ ಥರದ್ದೇ. ಬಾಗಿಲು ತೆಗೆದರೆ ಉದ್ದನೆಯ ಮಫ್ಲರು, ಕೆದರಿದ ಕೂದಲು, ಮುಂದಕ್ಕೆ ಚಾಚಿದ ಹಲ್ಲು, ಆ ಹಲ್ಲಿನಷ್ಟೇ ಅಗಲದ ನಗು. ಅಲೆಕ್ ಗಿನ್ನೆಸ್ ಕೃತಕ ಹಲ್ಲು ಕಟ್ಟಿಸಿಕೊಂಡು ಆಡಿದ ಆಟ ಇದು.

ಇಂಗ್ಲಿಷ್ ಪ್ರೇಕ್ಷಕರಿಗೆ ಆ ನೆರಳು ಹಳೇ ಪರಿಚಯ. ಮೇರಿ ಬೆಲ್ಲೊಕ್ ಲೌಂಡ್ಸ್ 1913ರಲ್ಲಿ ಬರೆದ ‘ದಿ ಲಾಡ್ಜರ್’ ಕಾದಂಬರಿಯನ್ನು ಆಲ್‌ಫ್ರೆಡ್ ಹಿಚ್‌ಕಾಕ್ 1927ರಲ್ಲಿ ಮೂಕಿಚಿತ್ರ ಮಾಡಿದ್ದರು. ಅಲ್ಲಿ ಮಂಜಿನ ರಾತ್ರಿಯಲ್ಲಿ ಬಾಡಿಗೆ ಕೋಣೆ ಕೇಳಿಕೊಂಡು ಬಂದವನೇ ಊರನ್ನು ನಡುಗಿಸುತ್ತಿರುವ ಕೊಲೆಗಾರನೇನೋ ಅಂತ ಮನೆಯೊಡತಿ ಒಳಗೊಳಗೇ ಬೇಯುತ್ತಾಳೆ. ಇಲ್ಲಿ ಎಲ್ಲವೂ ತಲೆಕೆಳಗು. ಬಂದವನು ಕೊಲೆಗಾರನಂತೆಯೇ ಕಾಣುತ್ತಾನೆ, ನೋಡುವ ನಮಗೆಲ್ಲ ಗೊತ್ತಾಗುತ್ತದೆ, ಅಜ್ಜಿಯ ತಲೆಗೆ ಮಾತ್ರ ಅದು ಹೋಗುವುದೇ ಇಲ್ಲ. ಆಕೆ ನೋಡುವುದು ಟೋಪಿ ತೆಗೆದನೋ ಇಲ್ಲವೋ, ಮಾತಿನಲ್ಲಿ ಮರ್ಯಾದೆ ಇದೆಯೋ ಇಲ್ಲವೋ. ಎರಡೂ ಇವೆ. ಆಯಿತು, ಕೋಣೆ ಅವನದು.

ಇಲ್ಲೊಂದು ಸಣ್ಣ ಸಂಗತಿ ಗಮನಿಸಿ. ಮನೆಯೊಳಗೆ ಬಂದ ಪ್ರೊಫೆಸರಿಗೆ ಗೋಡೆಯ ಮೇಲಿನ ಸೊಟ್ಟ ಪಟ ಕಣ್ಣಿಗೆ ಬೀಳುತ್ತದೆ. ಕೈ ತಾನಾಗಿಯೇ ಹೋಗಿ ನೆಟ್ಟಗೆ ಮಾಡುತ್ತದೆ. ಪಟ ಮತ್ತೆ ಸೊಟ್ಟಗಾಗುತ್ತದೆ. ಅಜ್ಜಿ ಅಡಿಪಾಯದ ಕಥೆ ಹೇಳುತ್ತಾಳೆ. ಅವನು ಕೇಳಿಸಿಕೊಂಡು, ಇನ್ನೊಂದು ಪಟದತ್ತ ಕೈ ಚಾಚುತ್ತಾನೆ. ಇಡೀ ಸಿನಿಮಾ ಅಲ್ಲೇ ಇದೆ: ಎಲ್ಲವನ್ನೂ ಗೆರೆ ಎಳೆದ ಹಾಗೆ ಯೋಜಿಸುವ ಮನುಷ್ಯ, ಗೆರೆಯೊಂದೂ ನೆಟ್ಟಗೆ ನಿಲ್ಲದ ಮನೆ. ಗುಂಪಿನ ದಡ್ಡ ಒನ್-ರೌಂಡ್ ಮುಂದೆ ಅಜ್ಜಿಯನ್ನೇ ‘ಮಿಸೆಸ್ ಲಾಪ್‌ಸೈಡೆಡ್’ ಅಂದುಬಿಡುತ್ತಾನೆ, ಅಂದರೆ ವಾಲಿದಮ್ಮ. ಅವನಿಗೆ ಮನೆ ಬೇರೆ, ಅಜ್ಜಿ ಬೇರೆ ಅನ್ನಿಸಿಲ್ಲ. ದಡ್ಡನಿಗೆ ಹೊಳೆದ ಈ ಮಾತು ಪ್ರೊಫೆಸರಿಗೆ ಕೊನೆಯವರೆಗೂ ಹೊಳೆಯುವುದಿಲ್ಲ.

ಒಂದು ಮಾತು ಕಥೆಯ ಹೊರಗಿಂದ. ಅದೇ ವರ್ಷಗಳಲ್ಲಿ ಅದೇ ಲಂಡನ್ನಿನಲ್ಲಿ ಕೋಣೆ ಹುಡುಕುತ್ತ ಅಲೆದ ಭಾರತೀಯ ವಿದ್ಯಾರ್ಥಿಗಳಿದ್ದರು, ವೆಸ್ಟ್ ಇಂಡೀಸ್‌ನಿಂದ ದುಡಿಯಲು ಬಂದವರಿದ್ದರು. ಕರಿಯರಿಗೆ ಕೊಡುವುದಿಲ್ಲ ಅನ್ನುವ ಚೀಟಿಗಳು ಕಿಟಕಿಗಳಲ್ಲಿ ರಾಜಾರೋಷವಾಗಿ ಇರುತ್ತಿದ್ದವು. ಬಾಡಿಗೆ ವಿಷಯದಲ್ಲಿ ಅಂಥ ಭೇದ ಕಾನೂನಿಗೆ ವಿರುದ್ಧವಾದದ್ದು 1968ರ ಕಾಯ್ದೆ ಬಂದ ಮೇಲೆ. ಪ್ರೊಫೆಸರ್ ಮಾರ್ಕಸ್‌ನ ಮುಖದ ತುಂಬ ದರೋಡೆ ಬರೆದಿದ್ದರೂ ಅವನ ಉಚ್ಚಾರ ಸರಿಯಿತ್ತು, ಬಣ್ಣ ಸರಿಯಿತ್ತು. ಸಿನಿಮಾ ಈ ಮಾತನ್ನು ಎತ್ತುವುದಿಲ್ಲ. ನನಗೆ ಮಾತ್ರ ಆ ಬಾಗಿಲು ಅಷ್ಟು ಸಲೀಸಾಗಿ ತೆರೆದುಕೊಂಡಾಗಲೆಲ್ಲ ನೆನಪಾಗುತ್ತದೆ.

ಟೀ ತಟ್ಟೆ

ಐವರ ಪರಿಚಯ ಬೇಗ ಮುಗಿಸುತ್ತೇನೆ. ಪ್ರೊಫೆಸರ್ ಬಿಟ್ಟರೆ, ಮೇಜರ್ ಕೋರ್ಟ್‌ನಿ ಎಂಬ ಪುಕ್ಕಲ ಗಣ್ಯ (ಸೆಸಿಲ್ ಪಾರ್ಕರ್). ಲೂಯಿ ಎಂಬ ಪರದೇಶಿ ಕೊಲೆಗಡುಕ, ಅವನಿಗೆ ಮುದುಕಿಯರನ್ನು ಕಂಡರಾಗದು (ಹರ್ಬರ್ಟ್ ಲೋಮ್). ಹ್ಯಾರಿ ಎಂಬ ಶೋಕಿ ಹುಡುಗ (ಪೀಟರ್ ಸೆಲ್ಲರ್ಸ್). ಬಾಕ್ಸಿಂಗ್‌ನಲ್ಲಿ ಪೆಟ್ಟು ತಿಂದು ತಿಂದು ಬುದ್ಧಿ ಮಂದವಾದ ಒನ್-ರೌಂಡ್ (ಡ್ಯಾನಿ ಗ್ರೀನ್). ಹೊರಗೆ ಹೇಳಿಕೊಳ್ಳುವುದು ತಂತಿವಾದ್ಯಗಳ ಪಂಚವಾದ್ಯಗೋಷ್ಠಿ ಅಂತ. ಕೈಯಲ್ಲಿ ಪಿಟೀಲು, ಚೆಲ್ಲೊ ಪೆಟ್ಟಿಗೆಗಳು. ಒಬ್ಬನಿಗೂ ನುಡಿಸಲು ಬರುವುದಿಲ್ಲ. ಮಹಡಿಯಲ್ಲಿ ಗ್ರಾಮಫೋನಿನಲ್ಲಿ ಬೊಕೆರಿನಿ ಎಂಬ ಹಳೇ ಸಂಗೀತಕಾರನ ಮಿನ್ಯುಯೆಟ್ ಎಂಬ ನೃತ್ಯಸಂಗೀತದ ತುಣುಕು ಹಾಕಿ, ಅದರ ಮರೆಯಲ್ಲಿ ದರೋಡೆಯ ನಕ್ಷೆ ಬಿಡಿಸುತ್ತಾರೆ.

ಕೆಳಗೆ ಅಜ್ಜಿಗೆ ಆನಂದ. ಹುಡುಗರು ಎಷ್ಟು ಚೆನ್ನಾಗಿ ನುಡಿಸುತ್ತಾರೆ! ಪಾಪ, ಬಾಯಾರಿರಬೇಕು. ಟೀ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಟಕ್ ಟಕ್. ಒಳಗೆ ಗಡಿಬಿಡಿ: ಒಬ್ಬ ರೆಕಾರ್ಡಿನ ಮುಳ್ಳು ಎತ್ತುತ್ತಾನೆ, ಒಬ್ಬ ನಕ್ಷೆ ಮಡಚುತ್ತಾನೆ, ಉಳಿದವರು ಕೈಗೆ ಸಿಕ್ಕ ವಾದ್ಯ ಹಿಡಿದು ಕೂರುತ್ತಾರೆ. ಬಾಗಿಲು ತೆರೆಯುತ್ತದೆ. ಟೀ ಬೇಡ ಅನ್ನುತ್ತಾರೆ. ಹೋಗುತ್ತಾಳೆ. ಮತ್ತೆ ಬರುತ್ತಾಳೆ. ಗಿಣಿಗೆ ಔಷಧಿ ಕುಡಿಸಬೇಕು, ಸ್ವಲ್ಪ ಹಿಡಿದುಕೊಳ್ಳುತ್ತೀರಾ? ಆ ಗಿಣಿಯ ಹೆಸರು ಜನರಲ್ ಗಾರ್ಡನ್, ಖಾರ್ಟೂಮ್‌ನಲ್ಲಿ ಸತ್ತ ಬ್ರಿಟಿಷ್ ಸೇನಾನಿಯ ಹೆಸರು. ಅದು ಹಾರಿಹೋಗುತ್ತದೆ. ಇಂಗ್ಲೆಂಡಿನ ಕಡುಪಾತಕಿಗಳು ಸಾಲಾಗಿ ಗಿಣಿಯ ಹಿಂದೆ ಓಡುತ್ತಾರೆ.

ನಾವು ‘ಅಯ್ಯೋ, ಬೇಡ ಅಂದ್ರೂ ಕೇಳಲ್ವಲ್ಲಾ’ ಅನ್ನುತ್ತೇವಲ್ಲ, ಆ ಜಾತಿಯ ಉಪಚಾರ ಇದು. ಇದರ ಮುಂದೆ ಪಿಸ್ತೂಲು ನಡೆಯುವುದಿಲ್ಲ. ಬೈದರೆ ಗುಟ್ಟು ಒಡೆಯುತ್ತದೆ. ಬಾಗಿಲಿಗೆ ಚಿಲಕ ಹಾಕಿದರೆ ಅನುಮಾನ ಬರುತ್ತದೆ. ನಯವಾಗಿ ನಡೆದುಕೊಂಡರೆ ಇನ್ನೊಂದು ಲೋಟ ಟೀ ಬರುತ್ತದೆ. ಸಭ್ಯರ ವೇಷ ಹಾಕಿಕೊಂಡ ತಪ್ಪಿಗೆ ಸಭ್ಯತೆಯ ಪೂರ್ತಿ ಬಿಲ್ಲು ಕಟ್ಟಬೇಕಾಗಿ ಬಂದಿದೆ. ಬಾಡಿಗೆ ಕೊಟ್ಟು ಕೋಣೆ ಹಿಡಿದವರಿಗೆ ಕೋಣೆಯೊಂದೇ ಸಿಕ್ಕಿಲ್ಲ. ಅಜ್ಜಿ, ಅಜ್ಜಿಯ ಗಿಣಿ, ಅಜ್ಜಿಯ ನೆನಪುಗಳೂ ಸೇರಿಯೇ ಬಂದಿವೆ.

ಆ ಟೀಗೆ ಇನ್ನೊಂದು ತೂಕವಿದೆ. ಬ್ರಿಟನ್ನಿನಲ್ಲಿ 1940ರ ಜುಲೈನಿಂದ 1952ರ ಅಕ್ಟೋಬರ್‌ವರೆಗೆ ಟೀ ಸೊಪ್ಪಿಗೆ ರೇಷನ್ನಿತ್ತು, ತಲೆಗೆ ವಾರಕ್ಕೆ ಹೆಚ್ಚುಕಡಿಮೆ 2 ಔನ್ಸು, ಅಂದರೆ 57 ಗ್ರಾಂ. ರೇಷನ್ ಪದ್ಧತಿ ಪೂರ್ತಿ ಮುಗಿದದ್ದು 1954ರ ಜುಲೈ 4ಕ್ಕೆ. ಅದಾದ ವರ್ಷದಲ್ಲೇ ಚಿತ್ರೀಕರಿಸಿದ ಸಿನಿಮಾದಲ್ಲಿ ಮನೆಯೊಡತಿಯೊಬ್ಬಳು ಬೇಡವೆಂದರೂ ಟೀ ಹೊತ್ತು ತರುತ್ತಾಳೆ ಎಂದರೆ, ಅದು ಧಾರಾಳವೇ. ಅದನ್ನು ಬೇಡ ಅನ್ನುವ ಐವರು ಎಂಥವರು ಅಂತ ಅಂದಿನ ಥಿಯೇಟರಿನ ಹಿಂದಿನ ಸಾಲಿನಲ್ಲಿ ಕೂತ ಹೆಂಗಸಿಗೂ ಗೊತ್ತಾಗಿರಬೇಕು.

ಬೊಕೆರಿನಿಯ ಆ ತುಣುಕಿನ ಬಗ್ಗೆಯೂ ಅಜ್ಜಿಗೊಂದು ನೆನಪಿದೆ. ಪ್ಯಾಂಗ್‌ಬೋರ್ನ್ ಎಂಬ ಊರಲ್ಲಿ ತನ್ನ 21ನೇ ಹುಟ್ಟುಹಬ್ಬದ ಪಾರ್ಟಿ. ಯಾರೋ ಒಳಗೆ ಬಂದು, ಹಳೇ ರಾಣಿ ತೀರಿಕೊಂಡರಂತೆ ಅಂದರು. ಪಾರ್ಟಿ ಅಲ್ಲಿಗೇ ಮುಗಿಯಿತು. ವಿಕ್ಟೋರಿಯಾ ರಾಣಿ ಸತ್ತದ್ದು 1901ರ ಜನವರಿ 22ರಂದು. ಅಂದರೆ ಅಜ್ಜಿ 1880ರವಳು. ಗಂಡ ಹಡಗಿನ ಕ್ಯಾಪ್ಟನ್, ಚೀನಾದ ಕಡಲಲ್ಲಿ ಹಡಗಿನೊಂದಿಗೇ ಮುಳುಗಿದವನು, ಮುಳುಗುವ ಮೊದಲು ಗಿಣಿಗಳನ್ನು ದೋಣಿ ಹತ್ತಿಸಿದವನು. ಹೀಗೆ ಮಾತುಮಾತಲ್ಲಿ ಒಂದು ಸಾಮ್ರಾಜ್ಯದ ಸೂತಕದ ಕಥೆ ಹೇಳಿ ಮುಗಿಸಿ ಅಜ್ಜಿ ಖಾಲಿ ಲೋಟ ಎತ್ತಿಕೊಂಡು ಹೋಗುತ್ತಾಳೆ. ಈ ಮನೆ, ಈ ಅಜ್ಜಿ, ಈ ಐವರು ಸೇರಿ ಇಳಿಗಾಲದ ಇಂಗ್ಲೆಂಡಿನ ವ್ಯಂಗ್ಯಚಿತ್ರ ಅನ್ನುವ ಅರ್ಥದಲ್ಲಿ ನಿರ್ದೇಶಕ ಅಲೆಗ್ಸಾಂಡರ್ ಮೆಕೆಂಡ್ರಿಕ್ ಮುಂದೆ ಮಾತಾಡಿದ್ದೂ ಉಂಟು. ನೋಡುವಾಗ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ. ಹಚ್ಚಿಕೊಂಡರೂ ನಗು ಕಡಿಮೆಯಾಗದು.

ಪಟ್ಟಿ ಸಿಕ್ಕಿಕೊಂಡ ಗಳಿಗೆ

ದರೋಡೆ ಸುಸೂತ್ರವಾಗಿ ನಡೆಯುತ್ತದೆ. ಟ್ರಂಕಿನಲ್ಲಿ ಹಣ ತುಂಬಿ ಕಿಂಗ್ಸ್ ಕ್ರಾಸ್‌ಗೆ ಕಳಿಸಿದ್ದಾಗಿದೆ. ಅಜ್ಜಿ ಟ್ಯಾಕ್ಸಿಯಲ್ಲಿ ಹೋಗಿ ಬಿಡಿಸಿಕೊಂಡು ಬರಬೇಕು. ಟ್ಯಾಕ್ಸಿ ಹೊರಡುತ್ತದೆ. ಅಯ್ಯೋ, ಛತ್ರಿ ಮರೆತೆ! ಟ್ಯಾಕ್ಸಿ ವಾಪಸು ನಿಲ್ದಾಣಕ್ಕೆ. ದೂರದಿಂದ ನೋಡುತ್ತಿರುವ ಕಳ್ಳರ ಜೀವ ಬಾಯಿಗೆ ಬಂದಿದೆ. ಮತ್ತೆ ಹೊರಟರೆ, ದಾರಿಯಲ್ಲಿ ತಳ್ಳುಗಾಡಿಯವನೊಬ್ಬ ಕುದುರೆಗೆ ಹೊಡೆಯುತ್ತಿದ್ದಾನೆ. ಅಜ್ಜಿ ಇಳಿದು ಗದರುತ್ತಾಳೆ. ಬೀದಿ ರಣರಂಗ. ಕೊನೆಗೆ ಆ ಟ್ರಂಕನ್ನು ಜೋಪಾನವಾಗಿ ಮನೆಗೆ ತಂದಿಳಿಸುವವರು ಪೊಲೀಸರು!

ಪಾಲು ಹಂಚಿಕೊಂಡು, ಹಣವನ್ನು ವಾದ್ಯದ ಪೆಟ್ಟಿಗೆಗಳಿಗೆ ತುಂಬಿಸಿ, ಅಜ್ಜಿಗೆ ಕೈಮುಗಿದು ಹೊರಡುತ್ತಾರೆ. ಎಲ್ಲ ಮುಗಿಯಿತು. ಒಬ್ಬೊಬ್ಬರಾಗಿ ಕಾರು ಸೇರುತ್ತಿದ್ದಾರೆ. ಕೊನೆಯವನು ಒನ್-ರೌಂಡ್, ಬೆನ್ನ ಹಿಂದೆ ಚೆಲ್ಲೊ ಪೆಟ್ಟಿಗೆ. ಬಾಗಿಲು ಮುಚ್ಚಿಕೊಳ್ಳುತ್ತದೆ, ಪೆಟ್ಟಿಗೆಯ ಪಟ್ಟಿ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆಯುತ್ತಾನೆ. ಬರುವುದಿಲ್ಲ. ಬಲವಿರುವವನು, ಬುದ್ಧಿಯಿಲ್ಲದವನು, ಇನ್ನೂ ಜೋರಾಗಿ ಎಳೆಯುತ್ತಾನೆ. ಪೆಟ್ಟಿಗೆ ಬಾಯಿಬಿಡುತ್ತದೆ. ಅಜ್ಜಿಯ ಹೊಸ್ತಿಲ ಮೇಲೆ ನೋಟುಗಳ ಸುರಿಮಳೆ.

ಲಂಡನ್ ಪೊಲೀಸರಿಗೆ ಆಗದ ಕೆಲಸ ಬಾಗಿಲ ಸಂದಿಗೆ ಆಗಿದೆ. ಒಂದು ಚರ್ಮದ ಪಟ್ಟಿ ಹಿಡಿದು, ಎಲ್ಲಿಗೆ ಹೊರಟಿರಿ, ಕೂತ್ಕೊಳ್ಳಿ ಅಂದ ಹಾಗೆ. ಕಥೆಗಾರ ಇಲ್ಲಿ ಕಾಕತಾಳೀಯವನ್ನು ಮೋಸಕ್ಕೆ ಬಳಸಿಲ್ಲ. ಮನೆಯ ಒಂದೊಂದೂ ಸೊಟ್ಟ ಅಂತ ಮೊದಲ ದೃಶ್ಯದಿಂದ ಹೇಳಿಕೊಂಡೇ ಬಂದಿದ್ದ. ನಾವು ಪಟ ನೋಡಿ ನಕ್ಕು ಮರೆತಿದ್ದೆವು, ಅಷ್ಟೆ.

ಅವರು ಒಳಗೆ ವಾಪಸು ಬರುತ್ತಾರೆ. ಅಷ್ಟರಲ್ಲಿ ಅಜ್ಜಿಯ ಗೆಳತಿಯರ ದಂಡು ಟೀಗೆಂದು ಬಂದಿಳಿಯುತ್ತದೆ. ಎಲ್ಲರೂ ಅದೇ ವಯಸ್ಸಿನವರು, ತಿಳಿಬಣ್ಣದ ಬಟ್ಟೆ, ಹೂವಿನ ಟೋಪಿ, ಹಕ್ಕಿಗಳ ಹಿಂಡಿನಂಥ ಕಲರವ. ಅಜ್ಜಿ ಕಳ್ಳರನ್ನು ಪಕ್ಕಕ್ಕೆ ಕರೆದು ತಣ್ಣಗೆ ಹೇಳುವುದು ಇಷ್ಟು: ಒಂದು ಗಂಟೆಯಾದರೂ ಮರ್ಯಾದಸ್ಥರ ಹಾಗೆ ಇರಿ, ಆಮೇಲೆ ಪೊಲೀಸರ ವಿಷಯ. ಗೆಳತಿಯರಿಗೆ ನುಡಿಸಿ ತೋರಿಸುವ ಮಾತು ಬೇರೆ ಎದ್ದಿದೆ. ಮುಂದಿನ ದೃಶ್ಯದಲ್ಲಿ 60,000 ಪೌಂಡಿನ ಕಳ್ಳರು ಕೈಯಲ್ಲಿ ಕಪ್ಪು-ಸಾಸರು ಹಿಡಿದು ಮುದುಕಿಯರ ನಡುವೆ ನಿಂತಿದ್ದಾರೆ. ತಾನಾಗಿಯೇ ನುಡಿಯುವ ಪಿಯಾನೋ, ಅಂದರೆ ಪಿಯಾನೋಲದ ಸುತ್ತ ಎಲ್ಲರೂ ಸೇರಿ, ಕೂದಲು ನರೆತರೂ ಪ್ರೀತಿ ನರೆಯದು ಎಂಬರ್ಥದ ಹಳೇ ಹಾಡು ಹಾಡುತ್ತಾರೆ. ಲೂಯಿಯ ಮುಖ ನೋಡಬೇಕು. ಮುದುಕಿಯೊಬ್ಬಳನ್ನು ಕಂಡರೇ ಮೈ ಉರಿಯುವವನ ಸುತ್ತ ಈಗ ಒಂದು ಡಜನ್ನಿನಷ್ಟು ಮುದುಕಿಯರಿದ್ದಾರೆ.

ನನ್ನ ಲೆಕ್ಕದಲ್ಲಿ ಸಿನಿಮಾದ ಶಿಖರ ಇದೇ, ಆಮೇಲಿನ ಐದು ಸಾವುಗಳಲ್ಲ. ಓಡಿಹೋಗಲು ಬಾಗಿಲು ತೆರೆದೇ ಇದೆ. ಹಣ ಕೈಯಲ್ಲೇ ಇದೆ. ಆದರೂ ಒಬ್ಬನೂ ಕದಲುವುದಿಲ್ಲ, ಏಕೆಂದರೆ ಟೀ ಮುಗಿದಿಲ್ಲ.

ಬಿಡಿಗಾಸಿನ ವಾದ

ಗೆಳತಿಯರು ಹೋದ ಮೇಲೆ ಪ್ರೊಫೆಸರ್ ತನ್ನ ಬತ್ತಳಿಕೆಯ ಕೊನೆಯ ಬಾಣ ತೆಗೆಯುತ್ತಾನೆ. ಈ ಹಣ ಕಳೆದುಕೊಂಡವರು ಯಾರೂ ಇಲ್ಲಮ್ಮ, ವಿಮಾ ಕಂಪನಿ ಕಟ್ಟಿಕೊಡುತ್ತದೆ. ಕಂಪನಿ ಅದನ್ನು ಪಾಲಿಸಿದಾರರ ಮೇಲೆ ಹಂಚುತ್ತದೆ. ಒಬ್ಬೊಬ್ಬರಿಗೆ ಬೀಳುವುದು ಒಂದು ಫಾರ್ದಿಂಗ್. ಈಗ ವಾಪಸು ಕೊಟ್ಟರೆ ಅವರ ಲೆಕ್ಕವೆಲ್ಲ ಗೊಂದಲ. ಫಾರ್ದಿಂಗ್ ಅಂದರೆ ಪೆನ್ನಿಯ ಕಾಲು ಭಾಗ, ನಮ್ಮ ಬಿಡಿಗಾಸು.

ಕೂತು ಲೆಕ್ಕ ಹಾಕಿದೆ. ಆಗಿನ ಪೌಂಡಿಗೆ 240 ಪೆನ್ನಿ, ಅಂದರೆ 960 ಫಾರ್ದಿಂಗ್. 60,000 ಪೌಂಡಿಗೆ 5 ಕೋಟಿ 76 ಲಕ್ಷ ಫಾರ್ದಿಂಗ್. ಆಗ ಇಡೀ ಬ್ರಿಟನ್ನಿನ ಜನಸಂಖ್ಯೆ 5 ಕೋಟಿ ಚಿಲ್ಲರೆ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರ ಹೆಸರಲ್ಲೂ ಪಾಲಿಸಿ ಮಾಡಿಸಿದ್ದರೂ ಪ್ರೊಫೆಸರನ ಲೆಕ್ಕ ಕೂಡುವುದಿಲ್ಲ. ಆದರೆ ವಾದದ ಹೊಳಪು ನೋಡಿ. ಕದ್ದ ಹಣವನ್ನು ಪುಡಿಪುಡಿ ಮಾಡಿ ಯಾರ ಕಣ್ಣಿಗೂ ಕಾಣದಷ್ಟು ಸಣ್ಣದು ಮಾಡುವುದು ಇಂದಿಗೂ ದೊಡ್ಡ ಕಳ್ಳರ ವಿದ್ಯೆಯೇ.

ಅಜ್ಜಿ ಒಪ್ಪುವುದಿಲ್ಲ. ಆಗ ಧಾಟಿ ಬದಲಾಗುತ್ತದೆ: ಟ್ರಂಕು ತಂದವರು ನೀವೇ, ನೀವೂ ನಮ್ಮ ಜೊತೆಯವರೇ, ನಿಮ್ಮನ್ನೂ ಜೈಲಿಗೆ ಹಾಕುತ್ತಾರೆ. ಅಜ್ಜಿಗೆ ಕ್ಷಣಕಾಲ ದಿಗಿಲು. ಆಮೇಲೆ ಆಕೆಯ ತೀರ್ಮಾನ ಇನ್ನೂ ಗಟ್ಟಿ. ಜೈಲಿಗೆ ಹೋದರೂ ಚಿಂತೆಯಿಲ್ಲ, ಪೊಲೀಸರಿಗೆ ಹೇಳಲೇಬೇಕು.

ಹಾಗಾದರೆ ಕೊಲ್ಲಲೇಬೇಕು. ಯಾರು? ಬೆಂಕಿಕಡ್ಡಿ ಎತ್ತಿ ತೀರ್ಮಾನಿಸುತ್ತಾರೆ. ಗಿಡ್ಡ ಕಡ್ಡಿ ಮೇಜರ್ ಪಾಲಿಗೆ ಬರುತ್ತದೆ. ಅವನು ಹಣ ಹಿಡಿದು ಮಾಡಿನ ಮೇಲಿಂದ ಪರಾರಿಯಾಗಲು ಹೋಗಿ ಬೀಳುತ್ತಾನೆ. ಹ್ಯಾರಿ ಅಜ್ಜಿಯನ್ನು ಕೊಂದುಬಿಟ್ಟನೆಂದು ತಿಳಿದು ಒನ್-ರೌಂಡ್ ಅವನನ್ನು ಮುಗಿಸುತ್ತಾನೆ. ಒನ್-ರೌಂಡ್‌ನನ್ನು ಲೂಯಿ. ಉಳಿದ ಇಬ್ಬರು ರೈಲುಹಳಿಯ ಮೇಲ್ಗಡೆ ಒಬ್ಬರನ್ನೊಬ್ಬರು ಬೇಟೆಯಾಡುತ್ತಾರೆ. ಲೂಯಿ ಗೂಡ್ಸ್ ರೈಲಿಗೆ ಬೀಳುತ್ತಾನೆ, ಪ್ರೊಫೆಸರನ ತಲೆಗೆ ಸಿಗ್ನಲ್ಲಿನ ಕೈ ಬಂದು ಬಡಿಯುತ್ತದೆ. ಹೆಣಗಳೆಲ್ಲ ಹೊಗೆಯ ನಡುವೆ ವ್ಯಾಗನ್ನುಗಳಿಗೆ ಬಿದ್ದು ಉತ್ತರಕ್ಕೆ ಪ್ರಯಾಣ. ಇಷ್ಟೆಲ್ಲ ನಡೆಯುವಾಗ ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಳೆ.

ಹೆಂಗಸರ ಮನಸ್ಸು ಕದಿಯುವ ಶೋಕಿಲಾಲನನ್ನು ಇಂಗ್ಲಿಷಿನಲ್ಲಿ ಲೇಡಿಕಿಲ್ಲರ್ ಅನ್ನುತ್ತಾರೆ. ಇಲ್ಲಿನ ಐವರಿಂದ ಲೇಡಿಯ ಮನಸ್ಸು ಕದಿಯಲೂ ಆಗಲಿಲ್ಲ, ಕೊಲ್ಲಲೂ ಆಗಲಿಲ್ಲ.

ಅಜ್ಜಿಯಾದವರು

ಕಥೆ ಹುಟ್ಟಿದ್ದು ಕನಸಿನಲ್ಲಿ. ಚಿತ್ರಕಥೆಗಾರ ವಿಲಿಯಂ ರೋಸ್ ಒಂದು ರಾತ್ರಿ ಕನಸಿನಲ್ಲಿ ಇಡೀ ಕಥೆ ಕಂಡು ಎದ್ದರಂತೆ. ರೋಸ್ ಅಮೆರಿಕದವರು, ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಉಳಿದವರು. ಮೆಕೆಂಡ್ರಿಕ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ, ಬೆಳೆದದ್ದು ಗ್ಲಾಸ್ಗೋದಲ್ಲಿ. ಇಷ್ಟು ಇಂಗ್ಲಿಷ್ ಅನ್ನಿಸುವ ಸಿನಿಮಾವನ್ನು ಬರೆದು ನಿರ್ದೇಶಿಸಿದ ಇಬ್ಬರೂ ಇಂಗ್ಲೆಂಡಿನಲ್ಲಿ ಹುಟ್ಟಿದವರಲ್ಲ. ಬಾಡಿಗೆಯವರ ಕಣ್ಣಿಗೇ ಮನೆಯ ಬಿರುಕು ಕಾಣುವುದು ಅಂತ ಕಾಣುತ್ತದೆ. ಕೆಲಸದ ನಡುವೆ ರೋಸ್‌ಗೂ ನಿರ್ದೇಶಕರಿಗೂ ಮನಸ್ತಾಪವಾಗಿ ರೋಸ್ ಹೊರನಡೆದರು. ಉಳಿದ ಟಿಪ್ಪಣಿಗಳಿಂದ ಚಿತ್ರಕಥೆಯನ್ನು ದಡ ಸೇರಿಸಬೇಕಾಯಿತು. ಆದರೂ ಆಸ್ಕರ್ ನಾಮನಿರ್ದೇಶನ ಬಂತು, ಬ್ರಿಟಿಷ್ ಅಕಾಡೆಮಿಯ ಚಿತ್ರಕಥೆ ಪ್ರಶಸ್ತಿಯೂ ಬಂತು.

ಅಜ್ಜಿಯಾಗಿ ನಟಿಸಿದ ಕೇಟಿ ಜಾನ್ಸನ್ ಹುಟ್ಟಿದ್ದು 1878ರಲ್ಲಿ. ಅಜ್ಜಿಯ ಪಾತ್ರಕ್ಕೆ ಇವರಿಗೆ ವಯಸ್ಸು ಹೆಚ್ಚಾಯಿತು, ಚಿತ್ರೀಕರಣ ತಡೆದುಕೊಳ್ಳಲಾರರು ಅಂತ ಮೊದಲು ಬಿಟ್ಟಿದ್ದರಂತೆ. ಅವರಿಗಿಂತ ಕಿರಿಯ ನಟಿಯನ್ನು ಆರಿಸಿದರು. ಚಿತ್ರೀಕರಣ ಶುರುವಾಗುವ ಮೊದಲೇ ಆ ನಟಿ ತೀರಿಕೊಂಡರು. ಪಾತ್ರ ಮರಳಿ ಕೇಟಿಯವರಿಗೇ ಬಂತು. ಸಿನಿಮಾದ ಅಜ್ಜಿಗೆ ಬರುವ ಅದೃಷ್ಟದ ಜಾತಿಯೇ ಇದು, ಕೊಂಚ ಕರಾಳ. ದಶಕಗಳ ಕಾಲ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದವರಿಗೆ 77ರಲ್ಲಿ ಬ್ರಿಟಿಷ್ ಅಕಾಡೆಮಿಯ ಶ್ರೇಷ್ಠ ಬ್ರಿಟಿಷ್ ನಟಿ ಪ್ರಶಸ್ತಿ. 1957ರಲ್ಲಿ ತೀರಿಕೊಂಡರು. ಗಿನ್ನೆಸ್ ಅಷ್ಟು ಹಲ್ಲು ಕಿರಿದು ಆಡುವಾಗ ಕೇಟಿ ಹುಬ್ಬು ಕೂಡ ಎತ್ತುವುದಿಲ್ಲ. ನಗಿಸಬೇಕು ಅನ್ನುವ ಆಸೆಯೇ ಅವರ ಮುಖದಲ್ಲಿಲ್ಲ. ಈ ಸಿನಿಮಾ ನಿಂತಿರುವುದು ಆ ಒಂದು ಮುಖದ ಮೇಲೆ.

ಪೀಟರ್ ಸೆಲ್ಲರ್ಸ್ ಆಗಿನ್ನೂ ರೇಡಿಯೊ ಹುಡುಗ. ಗಿಣಿಗಳ ದನಿಯೂ ಅವರದೇ. ಚಿತ್ರ ಮುಗಿಸಿ ಮೆಕೆಂಡ್ರಿಕ್ ಹಾಲಿವುಡ್ಡಿಗೆ ಹೋದರು. ಈ ಸಿನಿಮಾ ತಯಾರಿಸಿದ, ಮೈಕಲ್ ಬಾಲ್ಕನ್ ನಡೆಸುತ್ತಿದ್ದ ಈಲಿಂಗ್ ಸ್ಟುಡಿಯೊದ ಕಟ್ಟಡ ಬಿಬಿಸಿಗೆ ಮಾರಾಟವಾದದ್ದೂ ಅದೇ 1955ರಲ್ಲಿ. ಸಿನಿಮಾ ಮಾಡಿದವರ ಸ್ವಂತ ಮನೆಯೂ ವಾಲಿತ್ತು ಅನ್ನಿ.

2004ರಲ್ಲಿ ಕೋಯೆನ್ ಸೋದರರು ಇದನ್ನೇ ಅಮೆರಿಕದ ಮಿಸಿಸಿಪ್ಪಿಗೆ ಒಯ್ದು ಮತ್ತೆ ಮಾಡಿದರು, ಟಾಮ್ ಹ್ಯಾಂಕ್ಸ್ ಪ್ರೊಫೆಸರ್. ಅಲ್ಲಿನ ಮನೆಯೊಡತಿ ಚರ್ಚಿಗೆ ಹೋಗುವ, ಬಾಯಿ ಜೋರಿನ ಕಪ್ಪು ಹೆಂಗಸು, ಇರ್ಮಾ ಪಿ. ಹಾಲ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಜೋರು ಮಾಡುವ ಓನರಮ್ಮನ ಎದುರು ಬಾಡಿಗೆಯವನು ಜೋರು ಮಾಡಬಹುದು. ಬಯ್ಯಲು ಆಸ್ಪದವೇ ಕೊಡದವಳ ಎದುರು ಏನು ಮಾಡುತ್ತೀರಿ? ಹೊಸದರಲ್ಲಿ ಸಾವುಗಳಿವೆ, ಹಾಡುಗಳಿವೆ, ಆ ಇಕ್ಕಟ್ಟು ಇಲ್ಲ.

ಠಾಣೆಯಲ್ಲಿ

ಸಿನಿಮಾ ಶುರುವಾದದ್ದು ಪೊಲೀಸ್ ಠಾಣೆಯಲ್ಲಿ. ಗೆಳತಿ ಅಮೀಲಿಯಾ ಅಂತರಿಕ್ಷದಿಂದ ಬಂದವರನ್ನು ಕಂಡೆ ಎಂದು ದೂರು ಕೊಟ್ಟಿದ್ದಳಲ್ಲ, ಅದು ನಿದ್ದೆಗಣ್ಣಿನ ಕನಸು, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಹೇಳಲು ಅಜ್ಜಿ ಬಂದಿದ್ದಳು. ಸೂಪರಿಂಟೆಂಡೆಂಟ್ (ಜ್ಯಾಕ್ ವಾರ್ನರ್) ತಾಳ್ಮೆಯಿಂದ ಕೇಳಿ, ನಯವಾಗಿ ಬೀಳ್ಕೊಟ್ಟಿದ್ದ. ಅಲ್ಲಿ ಎಲ್ಲರಿಗೂ ಆಕೆ ಗೊತ್ತು, ಎಲ್ಲರಿಗೂ ಅಕ್ಕರೆ, ಯಾರೂ ನಂಬುವುದಿಲ್ಲ.

ಕೊನೆಯಲ್ಲಿ ಅಜ್ಜಿ ಮತ್ತೆ ಅದೇ ಮೇಜಿನ ಮುಂದೆ. ಬಾಡಿಗೆಗೆ ಬಂದವರು ದರೋಡೆಕೋರರು, ಹಣ ನನ್ನ ಮನೆಯಲ್ಲೇ ಇದೆ, ಅವರೆಲ್ಲ ಎಲ್ಲಿಗೆ ಹೋದರೋ ಗೊತ್ತಿಲ್ಲ, ಈಗ ಈ ಹಣ ಏನು ಮಾಡಲಿ? ಹಣ ವಾಪಸು ಕೊಟ್ಟರೆ ಲೆಕ್ಕ ಗೊಂದಲವಾಗುತ್ತದಂತಲ್ಲ ಅಂತ ಪ್ರೊಫೆಸರನ ವಾದವನ್ನೂ ಸೇರಿಸುತ್ತಾಳೆ. ಸೂಪರಿಂಟೆಂಡೆಂಟ್ ನಗುತ್ತ, ನೀವೇ ಇಟ್ಟುಕೊಳ್ಳಿ ಅನ್ನುತ್ತಾನೆ. ಎಲ್ಲವನ್ನೂ? ಎಲ್ಲವನ್ನೂ.

ಸರಿ ಎಂದು ಅಜ್ಜಿ ಹೊರಡುತ್ತಾಳೆ. ಎಂದಿನಂತೆ ಛತ್ರಿ ಠಾಣೆಯಲ್ಲೇ ಉಳಿದಿದೆ. ಕೂಗಿ ಕರೆಯುತ್ತಾರೆ. ಅದು ನನಗೆ ಯಾವತ್ತೂ ಇಷ್ಟವಿರಲಿಲ್ಲ, ಇನ್ನು ಬೇಕಾದರೆ ಒಂದು ಡಜನ್ ಕೊಳ್ಳಬಹುದು ಅನ್ನುತ್ತಾಳೆ. ಬೀದಿಗಿಳಿದು, ಫುಟ್‌ಪಾತಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಾಸು ಬೇಡುವವನ ಟೋಪಿಗೆ ಒಂದು ನೋಟು ಹಾಕಿ ಮನೆಯ ಕಡೆ ನಡೆಯುತ್ತಾಳೆ. ಅವನು ನೋಟನ್ನು ನೋಡುತ್ತಾನೆ, ಆಕೆಯನ್ನು ನೋಡುತ್ತಾನೆ. ಮಹಡಿಯ ಕೋಣೆಗಳು ಮತ್ತೆ ಖಾಲಿ ಇವೆ.